ಲೆವೆಲ್ ಕ್ರಾಸ್‌ನ ಪೆಟ್ಟಿ ಮ್ಯೂಸಿಯಂ: ಗಾಡಿ ಕೆಲಸ ಗೊತ್ತಿರುವವರು ಬಿಡಬಾರದ ಜಾಗ

ನಾರ್ತ್ ಕ್ಯಾರೊಲಿನಾದಲ್ಲಿರುವ ಮಕ್ಕಳ ಮನೆಗೆ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಬಂದರೆ ಅವರಿಗೆ ತೋರಿಸುವ ಜಾಗಗಳು ಹೆಚ್ಚುಕಡಿಮೆ ಒಂದೇ. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನ, ಬ್ಲೂ ರಿಡ್ಜ್ ಬೆಟ್ಟಗಳು, ಆಶ್‌ವಿಲ್‌ನ ಬಿಲ್ಟ್‌ಮೋರ್ ಬಂಗಲೆ, ಸಮುದ್ರ. ಎಲ್ಲವೂ ಚೆನ್ನಾಗಿವೆ. ಆದರೆ ಎಂಜಿನ್, ವರ್ಕ್‌ಶಾಪು ಅಂದರೆ ಕಿವಿ ನಿಮಿರುವವರಿಗೆ ಇನ್ನೊಂದು ಜಾಗ ಇದೆ. ಲೆವೆಲ್ ಕ್ರಾಸ್ ಅನ್ನುವ ಹಳ್ಳಿಯಲ್ಲಿರುವ ಪೆಟ್ಟಿ ಮ್ಯೂಸಿಯಂ. ಸ್ಟಾಕ್ ಕಾರ್ ರೇಸಿನ, ಅಂದರೆ ಮಾಮೂಲಿ ಕಾರಿನಂತೆ ಕಾಣುವ ಗಾಡಿಗಳ ರೇಸಿನ, ರಾಜ ಅಂತ ಅಮೆರಿಕದವರು ಕರೆಯುವ ರಿಚರ್ಡ್ ಪೆಟ್ಟಿ ಹುಟ್ಟಿ ಬೆಳೆದ ಊರು ಅದು. ಅವರ ಕಾರುಗಳು ತಯಾರಾದ ಶೆಡ್ಡುಗಳಲ್ಲೇ ಈಗ ಮ್ಯೂಸಿಯಂ ನಡೆಯುತ್ತಿದೆ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಚಾರ್ಜ್‌ಮನ್ ಆಗಿ ರಿಟೈರ್ ಆದವನು. ಅಳಿಯಂದಿರು ಭಾನುವಾರ ಟಿವಿಯಲ್ಲಿ ನಾಸ್ಕಾರ್ (ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸು ನಡೆಸುವ ಸಂಸ್ಥೆ) ರೇಸು ಹಾಕಿದಾಗ ಪಕ್ಕದಲ್ಲಿ ಕೂತು ನೋಡುತ್ತಾ ನೋಡುತ್ತಾ ನನಗೂ ಅದರ ರುಚಿ ಹತ್ತಿತು. ಹಾಗಾಗಿ ಈ ವಿಮರ್ಶೆ ಡಿಪೋದವನ ಕಣ್ಣಿನದು. ರೇಸಿನ ಗ್ಲಾಮರ್‌ಗಿಂತ ಗಾಡಿ ಕಟ್ಟಿದವರ ಕೈಕೆಲಸದ ಮೇಲೆ ನನಗೆ ಪ್ರೀತಿ ಜಾಸ್ತಿ.

ಜಾಗ ಗ್ರೀನ್ಸ್‌ಬರೋದಿಂದ ದಕ್ಷಿಣಕ್ಕೆ, ರ್ಯಾಂಡಲ್‌ಮನ್ ಪಟ್ಟಣ ಸಿಗುವ ಮೊದಲು, ಬ್ರ್ಯಾನ್ಸನ್ ಮಿಲ್ ರೋಡಿನಲ್ಲಿದೆ. ಕ್ಯಾರಿಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಸ್ವಂತ ಕಾರಿಲ್ಲದೆ ಹೋಗುವ ಊರಲ್ಲ. ಮ್ಯೂಸಿಯಂ ಕೆಲವು ವರ್ಷ ರ್ಯಾಂಡಲ್‌ಮನ್‌ನಲ್ಲಿತ್ತು. 2014ರಲ್ಲಿ ಹಳೆಯ ಶೆಡ್ಡುಗಳಿಗೇ ವಾಪಸ್ ಬಂತು. ಬಂದಿದ್ದು ಒಳ್ಳೆಯದಾಯಿತು. ಇದೇ ಕಾರುಗಳನ್ನು ಬೇರೆ ಯಾವುದೋ ಹೊಸ ಕಟ್ಟಡದಲ್ಲಿ ನಿಲ್ಲಿಸಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಏನೂ ತಿಳಿಯದೆ ಒಳಗೆ ಹೋದರೆ ನೀಲಿ ಕಾರು, ಕೆಂಪು-ನೀಲಿ ಕಾರು, ಟ್ರೋಫಿ ಅಷ್ಟೇ ಕಾಣುತ್ತವೆ. ಅರ್ಧ ಗಂಟೆಯಲ್ಲಿ ಮುಗಿಸಿ ಹೊರಗೆ ಬಂದುಬಿಡುತ್ತೀರಿ. ಅದಕ್ಕೇ ಕಥೆಯನ್ನು ಇಲ್ಲೇ ಸ್ವಲ್ಪ ಹೇಳುತ್ತೇನೆ. ತಿಳಿದುಕೊಂಡು ಹೋಗಿ, ಆಗ ನೋಡಿ ಅದರ ಮಜಾ.

ಶುರುವಾಗಿದ್ದು ಅಪ್ಪನಿಂದ. ಲೀ ಪೆಟ್ಟಿ ರೇಸಿಗೆ ಇಳಿದಾಗ 35 ವರ್ಷ, ಹೆಂಡತಿ ಮಕ್ಕಳಿದ್ದ ಸಂಸಾರಸ್ಥ. 1949ರ ಜೂನ್ 19ರಂದು ಶಾರ್ಲೆಟ್‌ನಲ್ಲಿ ನಾಸ್ಕಾರ್‌ನ ಮೊಟ್ಟಮೊದಲ ಸ್ಟ್ರಿಕ್ಟ್ಲಿ ಸ್ಟಾಕ್ ರೇಸು ನಡೆಯಿತು. ಅಂಗಡಿಯಿಂದ ಕೊಂಡ ಕಾರನ್ನೇ ಹೆಚ್ಚೇನೂ ಬದಲಾಯಿಸದೆ ಓಡಿಸಬೇಕು, ಅದೇ ನಿಯಮ. ಲೀ ತಂದಿದ್ದು ಸ್ನೇಹಿತನ ಬ್ಯೂಕ್ ರೋಡ್‌ಮಾಸ್ಟರ್. ದೊಡ್ಡ ಕಾರು, ಭಾರದ ಕಾರು. ಮನೆಯವರೆಲ್ಲ ಅದೇ ಕಾರಿನಲ್ಲಿ ಕೂತು ರೇಸಿಗೆ ಬಂದಿದ್ದರು. ಲೀ ಅದನ್ನು ಟ್ರ್ಯಾಕ್ ಮೇಲೆ ಪಲ್ಟಿ ಹೊಡೆಸಿದರು. ವಾಪಸ್ ಹೋಗಲು ಬೇರೆಯವರ ಗಾಡಿ ಹುಡುಕಬೇಕಾಯಿತು. ರಿಚರ್ಡ್‌ಗೆ ಆಗ ಇನ್ನೂ 12 ತುಂಬಿರಲಿಲ್ಲ. ಮುಂದೆ ಲೀ ಹಗುರವಾದ ಪ್ಲಿಮತ್ ಕಾರಿಗೆ ಹೋದರು, 3 ಸಲ ಚಾಂಪಿಯನ್ ಆದರು. ತೂಕ ಕಡಿಮೆಯಾದರೆ ಟೈರೂ ಉಳಿಯುತ್ತದೆ, ಬ್ರೇಕೂ ಉಳಿಯುತ್ತದೆ. ಲೋಡ್ ಗಾಡಿ ನೋಡಿಕೊಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿ ಕುಟುಂಬದ ಮೊದಲ ವರ್ಕ್‌ಶಾಪು ಬೆಳೆ ಕೊಯ್ಯುವ ಯಂತ್ರ ನಿಲ್ಲಿಸುವ ಶೆಡ್ಡು. ನೆಲ ಮಣ್ಣಿನದು. ಅಲ್ಲಿಂದ ಒಂದೊಂದೇ ಕಟ್ಟಡ ಸೇರಿಸುತ್ತಾ ಹೋದರು. ಹಿರಿಯ ಮಗ ರಿಚರ್ಡ್ ಕಾರು ಓಡಿಸುವುದು, ತಮ್ಮ ಮೊರಿಸ್ ಎಂಜಿನ್ ಕಟ್ಟುವುದು, ಸೋದರ ಸಂಬಂಧಿ ಡೇಲ್ ಇನ್ಮನ್ ತಂಡದ ಮೇಲ್ವಿಚಾರಣೆ ಮಾಡುವುದು. ಮೊರಿಸ್‌ಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಅವರೂ ಕೆಲವು ರೇಸು ಓಡಿಸಿ ನೋಡಿದರು, ಆಮೇಲೆ ಎಂಜಿನ್ ರೂಮಿಗೇ ನಿಂತರು. ರಿಚರ್ಡ್ ಗೆದ್ದಿದ್ದು 200 ರೇಸು. ಇವತ್ತಿಗೂ ಆ ಸಂಖ್ಯೆಯ ಹತ್ತಿರ ಯಾರೂ ಬಂದಿಲ್ಲ. ಅದರಲ್ಲಿ 198 ಬಂದಿದ್ದು ಈ ಒಂದು ಅಂಗಳದಿಂದ ಹೊರಟ ಕಾರುಗಳಲ್ಲಿ. ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಪೋಸ್ಟರ್‌ನಲ್ಲಿ ಇರುವುದು ಗರಿ ಸಿಕ್ಕಿಸಿದ ಕೌಬಾಯ್ ಟೋಪಿ, ಕಪ್ಪು ಕನ್ನಡಕ ಹಾಕಿದ ಒಬ್ಬ ಮನುಷ್ಯ. ಆದರೆ ಗೆದ್ದಿದ್ದು ಒಂದು ವರ್ಕ್‌ಶಾಪು.

21 ತುಂಬುವವರೆಗೆ ರೇಸಿಗೆ ಇಳಿಯಬೇಡ ಅಂತ ರಿಚರ್ಡ್‌ಗೆ ಅಪ್ಪ ಕಟ್ಟುನಿಟ್ಟು ಮಾಡಿದ್ದರು. 1958ರ ಜುಲೈನಲ್ಲಿ 21 ತುಂಬಿತು, ಅದೇ ತಿಂಗಳು ರೇಸಿಗಿಳಿದರು. ನಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಮೊದಲ ರೇಸು ಕೆನಡಾದ ಟೊರಾಂಟೊದಲ್ಲಿ. ಅಲ್ಲಿ ಹಿಂದಿನಿಂದ ಬಂದು ಗುದ್ದಿ ಬೇಲಿಗೆ ಕಳಿಸಿದ್ದು ಯಾರು ಗೊತ್ತಾ? ಅಪ್ಪನೇ. ರೇಸು ಗೆದ್ದಿದ್ದೂ ಅಪ್ಪನೇ. ಮರುವರ್ಷ ಅಟ್ಲಾಂಟಾದ ಲೇಕ್‌ವುಡ್‌ನಲ್ಲಿ ಮಗನಿಗೆ ಗೆಲುವಿನ ಬಾವುಟ ಬಿತ್ತು. ಸುತ್ತಿನ ಲೆಕ್ಕ ತಪ್ಪಾಗಿದೆ ಅಂತ ಅಪ್ಪ ದೂರು ಕೊಟ್ಟರು. ಲೆಕ್ಕ ಮತ್ತೆ ನೋಡಿದರು, ಗೆಲುವು ಅಪ್ಪನಿಗೆ ಹೋಯಿತು! ಎಂಥ ಅಪ್ಪ ಅನ್ನಿಸಬಹುದು. ನನಗೆ ಅದು ಸರಿ ಅನ್ನಿಸಿತು. ಮಗ ಅಂತ ಕೆಲಸದಲ್ಲಿ ರಿಯಾಯಿತಿ ಕೊಟ್ಟರೆ ಮಗನಿಗೆ ಕೆಲಸ ಬರಲ್ಲ.

ಡೇಟೋನಾ 500 ಅಂದರೆ ಫ್ಲೋರಿಡಾದ ಡೇಟೋನಾದಲ್ಲಿ ನಡೆಯುವ 500 ಮೈಲಿಯ ರೇಸು, ನಾಸ್ಕಾರ್‌ನ ಅತಿ ದೊಡ್ಡ ರೇಸು. 1959ರಲ್ಲಿ ಅದು ಮೊದಲ ಸಲ ನಡೆದಾಗ ಗೆದ್ದವರೂ ಲೀ ಪೆಟ್ಟಿಯೇ. ಕಾರುಗಳು ಎಷ್ಟು ಅಕ್ಕಪಕ್ಕ ಬಂದಿದ್ದವೆಂದರೆ ಮೊದಲು ಜಾನಿ ಬೋಶಾಂಪ್ ಗೆದ್ದರು ಅಂತ ಘೋಷಿಸಿ, ಫೋಟೊ, ಫಿಲ್ಮು ಎಲ್ಲ ತರಿಸಿ ನೋಡಿ, 3 ದಿನದ ಮೇಲೆ ಲೀ ಪೆಟ್ಟಿ ಅಂತ ತೀರ್ಪು ಕೊಟ್ಟರು. 1961ರಲ್ಲಿ ಅದೇ ಡೇಟೋನಾದಲ್ಲಿ ಲೀ ಅವರ ಕಾರು ತಡೆಗೋಡೆ ದಾಟಿ ಹೊರಗೆ ಹಾರಿತು. ಜೀವ ಉಳಿಯಿತು, ಓಡಿಸುವುದು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಮನೆಯ ಭಾರ ರಿಚರ್ಡ್ ಹೆಗಲಿಗೆ ಬಂತು.

ಈಗ ಎಂಜಿನ್ ವಿಷಯ. 1964ರಲ್ಲಿ ಕ್ರೈಸ್ಲರ್ ಕಂಪನಿ 426 ಹೆಮಿ ಎಂಜಿನ್ ತಂದಿತು. ಸಿಲಿಂಡರ್ ಹೆಡ್ಡಿನ ಕಂಬಶನ್ ಚೇಂಬರ್ ಅರ್ಧ ಗೋಳದ ಆಕಾರ. ಇನ್‌ಲೆಟ್ ವಾಲ್ವ್ ಒಂದು ಕಡೆ, ಎಕ್ಸಾಸ್ಟ್ ವಾಲ್ವ್ ಎದುರುಕಡೆ. ಎರಡನ್ನೂ ದೊಡ್ಡದು ಮಾಡಬಹುದು, ಗಾಳಿ ಸಲೀಸಾಗಿ ಒಳಗೆ ಬಂದು ಹೊರಗೆ ಹೋಗುತ್ತದೆ. 426 ಅಂದರೆ ಕ್ಯೂಬಿಕ್ ಇಂಚು, ಸುಮಾರು 7 ಲೀಟರ್. ನಮ್ಮ ಹಳೆಯ ಲೇಲ್ಯಾಂಡ್ 370 ಗೊತ್ತಲ್ವಾ, ಆ 370 ಕೂಡ ಕ್ಯೂಬಿಕ್ ಇಂಚಿನ ಲೆಕ್ಕವೇ. ಒಂದು ಬಸ್ಸು ತುಂಬ ಜನರನ್ನು ಎಳೆಯುವ ಎಂಜಿನ್‌ಗಿಂತ ದೊಡ್ಡದನ್ನು ಒಂದು ಕಾರಿನ ಬಾನೆಟ್ ಕೆಳಗೆ ಇಟ್ಟಿದ್ದಾರೆ! ಆ ವರ್ಷದ ಡೇಟೋನಾ 500ರ 200 ಸುತ್ತಿನಲ್ಲಿ 184 ಸುತ್ತು ರಿಚರ್ಡ್ ಪೆಟ್ಟಿಯೇ ಮುಂದಿದ್ದರು. ಮೊದಲ ಮೂರೂ ಸ್ಥಾನ ಪ್ಲಿಮತ್‌ಗೆ. ಅದೇ ವರ್ಷ ಅವರ ಮೊದಲ ಚಾಂಪಿಯನ್‌ಶಿಪ್.

ಮರುವರ್ಷ ನಾಸ್ಕಾರ್ ಹೆಮಿಗೆ ತಡೆ ಹಾಕಿತು. ಕ್ರೈಸ್ಲರ್ ರೇಸು ಬಿಟ್ಟು ಹೊರಗೆ ನಿಂತಿತು. ಪೆಟ್ಟಿ ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯಲ್ಲಿ ಸ್ವಲ್ಪ ದೂರ ಮಾತ್ರ ಓಡಿಸುವ ರೇಸಿಗೆ, ಹೋದರು. ಜಾರ್ಜಿಯಾದ ಡಲ್ಲಾಸ್ ಊರಿನಲ್ಲಿ ಅವರ ಕಾರು ಹತೋಟಿ ತಪ್ಪಿ ಜನರ ಕಡೆ ನುಗ್ಗಿತು, ಒಬ್ಬ ಪುಟ್ಟ ಹುಡುಗ ಸತ್ತ. ಪೆಟ್ಟಿಯ ಕಥೆ ಹೇಳುವವರು ಇದನ್ನೂ ಹೇಳಬೇಕು. ಗೆಲುವಿನ ಲೆಕ್ಕದ ಪಕ್ಕದಲ್ಲೇ ಇದೂ ಇರಬೇಕು.

1967ರ ಲೆಕ್ಕ ಕೇಳಿ. 48 ರೇಸಿನಲ್ಲಿ 27 ಗೆಲುವು. ಅದರಲ್ಲಿ 10 ಒಂದರ ಹಿಂದೆ ಒಂದು. ಒಂದೂ ಬ್ರೇಕ್‌ಡೌನ್ ಇಲ್ಲದೆ ಸತತ 10 ಗೆಲ್ಲಬೇಕಾದರೆ ಆ ಗಾಡಿಯ ಮೇಂಟೆನೆನ್ಸ್ ಹೇಗಿದ್ದಿರಬೇಕು ಯೋಚನೆ ಮಾಡಿ. ಡ್ರೈವರ್ ಎಷ್ಟೇ ಗಟ್ಟಿಗನಾಗಿರಲಿ, ಒಂದು ನಟ್ಟು ಸಡಿಲವಾದರೆ ಸಾಕು, ಆಟ ಮುಗಿಯಿತು. ಆ ವರ್ಷದ ಶ್ರೇಯಸ್ಸಿನಲ್ಲಿ ಮೊರಿಸ್ ಮತ್ತು ಇನ್ಮನ್‌ಗೆ ಸಿಕ್ಕಿದ್ದು ಕಡಿಮೆಯೇ ಅಂತ ನನ್ನ ಅನಿಸಿಕೆ. ಆಮೇಲಾದರೂ ಶಾರ್ಲೆಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್ (ರೇಸಿನ ದೊಡ್ಡವರನ್ನು ಗೌರವಿಸುವ ಮ್ಯೂಸಿಯಂ) ಅವರಿಬ್ಬರನ್ನೂ ಸೇರಿಸಿಕೊಂಡಿತು. ಇನ್ಮನ್ 2012ರಲ್ಲಿ, ಮೊರಿಸ್ 2014ರಲ್ಲಿ. ಅಪ್ಪ, ಇಬ್ಬರು ಮಕ್ಕಳು, ಸೋದರ ಸಂಬಂಧಿ, ನಾಲ್ವರೂ ಅಲ್ಲಿದ್ದಾರೆ.

ಮ್ಯೂಸಿಯಂನಲ್ಲಿ ಕಾರಿನ ಹತ್ತಿರ ನಿಂತರೆ ಬಾಗಿಲನ್ನು ಗಮನಿಸಿ. ಹಿಡಿ ಇಲ್ಲ, ತೆರೆಯುವುದಿಲ್ಲ. ಡ್ರೈವರ್ ಕಿಟಕಿಯಿಂದಲೇ ಒಳಗೆ ಇಳಿಯಬೇಕು. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ ಬಗ್ಗಿಸಿ ಒಳಕ್ಕೆ. ಆ ಕಿಟಕಿಗೆ ಪಟ್ಟಿ ಹೆಣೆದ ಒಂದು ಬಲೆ ಇರುತ್ತದೆ. ಅದರ ಹಿಂದೆ ಪೆಟ್ಟಿಯ ಮೈಮೇಲೆ ಬಂದ ಪೆಟ್ಟೇ ಇದೆ. 1970ರಲ್ಲಿ ಡಾರ್ಲಿಂಗ್‌ಟನ್‌ನಲ್ಲಿ ಅವರ ಪ್ಲಿಮತ್ ಪಿಟ್ (ರೇಸಿನ ಮಧ್ಯೆ ಕಾರು ನಿಲ್ಲಿಸಿ ಟೈರು, ಪೆಟ್ರೋಲ್ ಹಾಕುವ ಜಾಗ) ಗೋಡೆಗೆ ಬಡಿದು ಉರುಳಿತು. ಉರುಳುವಾಗ ಅವರ ತಲೆ, ತೋಳು ಕಿಟಕಿಯಿಂದ ಹೊರಗೆ ತೂಗಾಡುತ್ತಿದ್ದವು. ಭುಜಕ್ಕೆ ಏಟಾಯಿತು, ಜೀವ ಉಳಿಯಿತು. ಅದಾದ ಮೇಲೆ ನಾಸ್ಕಾರ್ ಕಿಟಕಿಗೆ ಬಲೆ ಕಡ್ಡಾಯ ಮಾಡಿತು. ಇಷ್ಟೇ ಇಷ್ಟು ಬಟ್ಟೆ ಪಟ್ಟಿ. ಆಮೇಲಿನ ಎಷ್ಟು ಡ್ರೈವರ್‌ಗಳ ಕೈ ಉಳಿಸಿದೆಯೋ. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ.

ಬಣ್ಣದ ಕಥೆಯೂ ಇದೆ. ಒಂದು ಸಲ ಕಾರಿಗೆ ಬಳಿಯಲು ಬಣ್ಣ ಸಾಲದೆ, ಇದ್ದ ಬಿಳಿ ಮತ್ತು ನೀಲಿಯನ್ನೇ ಬೆರೆಸಿದರಂತೆ. ಹಾಗೆ ಹುಟ್ಟಿದ ತಿಳಿನೀಲಿಯೇ ಪೆಟ್ಟಿ ಬ್ಲೂ ಆಯಿತು ಅಂತ ಹೇಳುತ್ತಾರೆ. ಅಪ್ಪನ ನಂಬರ್ 42, ಮಗ ಅದರ ಪಕ್ಕದ 43 ಹಿಡಿದರು. 1972ರಲ್ಲಿ ಎಂಜಿನ್ ಆಯಿಲ್‌ಗೆ ಬೆರೆಸುವ ದ್ರವ ಮಾರುವ ಎಸ್‌ಟಿಪಿ ಕಂಪನಿ ಪ್ರಾಯೋಜಕರಾಗಿ ಬಂದಾಗ ಅದರ ಮುಖ್ಯಸ್ಥ ಆಂಡಿ ಗ್ರ್ಯಾನಟೆಲಿ, ಕಾರು ಪೂರ್ತಿ ಕೆಂಪಾಗಬೇಕು ಅಂತ ಪಟ್ಟು ಹಿಡಿದರು. ಪೆಟ್ಟಿ ನೀಲಿ ಬಿಡಲ್ಲ ಅಂದರು. ಕೊನೆಗೆ ಎರಡೂ ಬಣ್ಣಕ್ಕೆ ಒಪ್ಪಂದ ಆಯಿತು. ಆಮೇಲೆ ಆ ಕೆಂಪು-ನೀಲಿಯನ್ನು ಅಮೆರಿಕದಲ್ಲಿ ಗುರುತಿಸದವರಿಲ್ಲ ಅನ್ನುವಂತಾಯಿತು. ದುಡ್ಡು ಕೊಡುವವರ ಎದುರು ಕೂತು ತನ್ನ ಬಣ್ಣ ಬಿಡದ ಹಟ ನನಗೆ ತುಂಬ ಹಿಡಿಸಿತು.

1970ರ ದಶಕದ ಗೆಲುವುಗಳನ್ನೆಲ್ಲ ಬರೆದರೆ ಇದು ಮುಗಿಯಲ್ಲ. ಒಟ್ಟು 7 ಚಾಂಪಿಯನ್‌ಶಿಪ್, 7 ಡೇಟೋನಾ 500. ಎರಡು ಡೇಟೋನಾ ಮಾತ್ರ ಹೇಳುತ್ತೇನೆ. 1978ರ ಕೊನೆಯಲ್ಲಿ ಹುಣ್ಣಿನ ಕಾಯಿಲೆಗೆ ಪೆಟ್ಟಿಯ ಹೊಟ್ಟೆಯ 40 ಶೇಕಡಾ ಭಾಗ ತೆಗೆದಿದ್ದರು. ಡಾಕ್ಟರು ರೇಸು ಬೇಡ ಅಂದಿದ್ದರು. 1979ರ ಫೆಬ್ರವರಿಯಲ್ಲಿ ಓಡಿಸಿಯೇ ಬಿಟ್ಟರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಕೇಲ್ ಯಾರ್‌ಬರೋ, ಡಾನಿ ಆಲಿಸನ್ ಒಬ್ಬರಿಗೊಬ್ಬರು ಗುದ್ದಿಕೊಂಡು ನಿಂತರು. ತುಂಬ ಹಿಂದಿದ್ದ ಪೆಟ್ಟಿ ಗೆದ್ದರು. ಆದಿಯಿಂದ ಅಂತ್ಯದವರೆಗೆ ಅಮೆರಿಕದ ಜನ ಟಿವಿಯಲ್ಲಿ ನೇರವಾಗಿ ನೋಡಿದ ಮೊದಲ 500 ಮೈಲಿಯ ರೇಸು ಅದು. ಇನ್ನೊಂದು 1981ರದು. ಕೊನೆಯ ಸಲ ಪಿಟ್‌ಗೆ ಬಂದಾಗ ಬೇರೆಯವರು ಟೈರು ಬದಲಾಯಿಸಿದರು. ಡೇಲ್ ಇನ್ಮನ್ ಬರೀ ಪೆಟ್ರೋಲ್ ಹಾಕಿಸಿ ಕಳಿಸಿದರು. ಹಳೆಯ ಟೈರು ಉಳಿದ ದೂರವನ್ನು ತಡೆಯುತ್ತದೆ ಅಂತ ಕಣ್ಣಳತೆಯಲ್ಲಿ ಹೇಳುವ ಧೈರ್ಯ ಇದೆಯಲ್ಲ, ಅದು ಪುಸ್ತಕದಿಂದ ಬರಲ್ಲ. ಆ ಕೆಲವು ಸೆಕೆಂಡಿನಲ್ಲಿ ರೇಸು ಗೆದ್ದರು.

ಇನ್ನು ಅಲ್ಲಿಗೆ ಹೋಗುವವರಿಗೆಲ್ಲ ನಾನು ಹೇಳುವ 198ನೇ ಗೆಲುವಿನ ಕಥೆ. 1983ರ ಅಕ್ಟೋಬರ್, ಶಾರ್ಲೆಟ್. ರೇಸು ಮುಗಿದ ಮೇಲೆ ಎಂಜಿನ್ ಅಳೆದಾಗ 358 ಕ್ಯೂಬಿಕ್ ಇಂಚಿನ ಮಿತಿಯ ಜಾಗದಲ್ಲಿ ಹತ್ತಿರ ಹತ್ತಿರ 382 ಬಂತು. ಟೈರಿನದೂ ತಕರಾರು. ಎಡಗಡೆಗೆ ಬರಬೇಕಾದ ಮೆದು ಟೈರನ್ನು ಬಲಗಡೆಗೆ ಹಾಕಿದ್ದರು. ಈ ರೇಸಿನಲ್ಲಿ ಬರೀ ಎಡಕ್ಕೆ ತಿರುಗುವುದು. ಭಾರ ಎಲ್ಲ ಬಲಗಡೆಯ ಟೈರಿನ ಮೇಲೆ ಬೀಳುತ್ತದೆ. ಅಲ್ಲಿ ಮೆದು ಟೈರು ಇದ್ದರೆ ಹಿಡಿತ ಜಾಸ್ತಿ. ನಾಸ್ಕಾರ್ 35,000 ಡಾಲರ್ ದಂಡ ಹಾಕಿತು, 104 ಪಾಯಿಂಟ್ ಕಿತ್ತುಕೊಂಡಿತು, ಗೆಲುವನ್ನು ಮಾತ್ರ ಉಳಿಸಿತು. ತನಗೆ ಗೊತ್ತಿರಲಿಲ್ಲ ಅಂತ ರಿಚರ್ಡ್ ಹೇಳಿದರು. ಮರುವರ್ಷ ಅವರು ಅಪ್ಪ ಕಟ್ಟಿದ ಶೆಡ್ಡು ಬಿಟ್ಟು ಮೈಕ್ ಕರ್ಬ್ ಅವರ ತಂಡಕ್ಕೆ ಹೋದರು. ಇಷ್ಟು ದೊಡ್ಡ ಕೆಲಸಗಾರರು ಎಂಜಿನ್, ಟೈರಿನಲ್ಲಿ ಹಾಗೆ ಮೋಸ ಮಾಡಬಾರದಿತ್ತು. ಮೊರಿಸ್ ಕಟ್ಟಿದ ನೇರವಾದ ಎಂಜಿನ್‌ಗಳೇ ಅಷ್ಟು ಗೆದ್ದಿರುವಾಗ ಇದೊಂದು ಬೇಕಿರಲಿಲ್ಲ. ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು.

ಕೊನೆಯ ಎರಡು ಗೆಲುವು ಆ ಹೊಸ ತಂಡದಲ್ಲಿ. 200ನೆಯದು 1984ರ ಜುಲೈ 4, ಡೇಟೋನಾ. ಅಧ್ಯಕ್ಷ ರೊನಾಲ್ಡ್ ರೇಗನ್ ವಿಮಾನದಿಂದಲೇ ಫೋನಿನಲ್ಲಿ ಎಂಜಿನ್ ಶುರು ಮಾಡಲು ಹೇಳಿ, ಆಮೇಲೆ ಟ್ರ್ಯಾಕಿಗೆ ಬಂದರು. ಕೊನೆಗೆ ಅಪಘಾತವಾಗಿ ಹಳದಿ ಬಾವುಟ ಬಿದ್ದಾಗ, ಯಾರು ಮೊದಲು ಗೆರೆ ಮುಟ್ಟುತ್ತಾರೋ ಅವರದೇ ಗೆಲುವು ಅನ್ನುವಂತೆ, ಪೆಟ್ಟಿ ಮತ್ತು ಯಾರ್‌ಬರೋ ಬಾಗಿಲಿಗೆ ಬಾಗಿಲು ತಾಗಿಸಿಕೊಂಡು ಓಡಿದರು. ಆ ಪಾಂಟಿಯಾಕ್ ಕಾರನ್ನು ಹುಡುಕಿಕೊಂಡು ಲೆವೆಲ್ ಕ್ರಾಸ್‌ಗೆ ಹೋಗಬೇಡಿ, ಅದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹಕ್ಕೆ ಸೇರಿದ್ದು. ಅಲ್ಲಿಂದ 1992ರವರೆಗೆ ಓಡಿಸಿದರು, ಒಂದೂ ಗೆಲ್ಲಲಿಲ್ಲ. ಯಾಕೆ ಮುಂಚೆಯೇ ನಿಲ್ಲಿಸಲಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಗಾಡಿಯ ಸದ್ದಿನಲ್ಲೇ ಬೆಳೆದವರಿಗೆ ನಿಲ್ಲಿಸುವುದು ಅಷ್ಟು ಸುಲಭ ಅಲ್ಲ. 1992ರ ನವೆಂಬರ್ 15ರಂದು ಅಟ್ಲಾಂಟಾದಲ್ಲಿ ಕೊನೆಯ ರೇಸು. ಅಪಘಾತವಾಗಿ ಕಾರಿಗೆ ಬೆಂಕಿ ಹತ್ತಿಕೊಂಡಿತು. ತಂಡದವರು ಅದನ್ನೇ ಹೇಗೋ ಓಡುವಂತೆ ಮಾಡಿದರು, ರೇಸು ಮುಗಿಯುವಾಗ ಅವರು ಟ್ರ್ಯಾಕ್ ಮೇಲಿದ್ದರು. ಮುಂದೆ 4 ಸಲ ಚಾಂಪಿಯನ್ ಆದ ಜೆಫ್ ಗಾರ್ಡನ್ ಎಂಬ ಹುಡುಗನಿಗೆ ನಾಸ್ಕಾರ್‌ನ ಮುಖ್ಯ ಸರಣಿಯಲ್ಲಿ ಅದೇ ಮೊದಲ ರೇಸು.

ಒಳಗೆ ಕಾರುಗಳಲ್ಲದೆ ಟ್ರೋಫಿಗಳು, ಬೆಲ್ಟ್ ಬಕಲ್‌ಗಳು, ಚಾಕುಗಳು, ಅವರ ಹೆಂಡತಿ ಲಿಂಡಾ ಕೂಡಿಟ್ಟ ಗೊಂಬೆಗಳೂ ಇವೆ. ಗೊಂಬೆಗಳ ಮುಂದೆ ನಮ್ಮ ಮನೆಯವರು ಖುಷಿಯಾಗಿ ನಿಂತಿದ್ದರು. ನನಗೆ ಹಿಡಿಸಿದ್ದು ಸಹಿ. ಪೆಟ್ಟಿಯ ಸಹಿಯಲ್ಲಿ ಆರ್ ಮತ್ತು ಪಿ ದೊಡ್ಡದಾಗಿ ಸುತ್ತಿ ಸುತ್ತಿ ಬರುತ್ತವೆ. ಆದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಓದಲು ಸಿಗುತ್ತದೆ. ಮೊಮ್ಮಗ "ತಾತ, ರಿಚರ್ಡ್ ಪೆಟ್ಟಿ ಅಂತ ಬರೆದಿದೆ" ಅಂತ ಸರಾಗವಾಗಿ ಓದಿದ. ಗ್ರೀನ್ಸ್‌ಬರೋದ ಬಿಸಿನೆಸ್ ಕಾಲೇಜಿನಲ್ಲಿ ಅವರು ಬರವಣಿಗೆ ಕಲಿತಿದ್ದರು. ಕಾದು ನಿಂತ ಅಭಿಮಾನಿಗೆ ಹೆಸರು ಓದಲು ಬರಬೇಕು ಅನ್ನುವುದು ಅವರ ಪಾಲಿಸಿ. ಅಷ್ಟು ಸಹಿ ಹಾಕಿದವರು ಈ ಆಟದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಮಗ ಕೈಲ್ ಕೂಡ ರೇಸರ್. ಮೊಮ್ಮಗ ಆಡಮ್ ನಾಲ್ಕನೇ ತಲೆಮಾರು. 2000ದ ಏಪ್ರಿಲ್‌ನಲ್ಲಿ ಆಡಮ್ ಮೊದಲ ದೊಡ್ಡ ರೇಸು ಓಡಿಸಿದ, ಅದೇ ವಾರ ಮುತ್ತಾತ ಲೀ ತೀರಿಕೊಂಡರು. ಮೇ 12ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅಭ್ಯಾಸ ಮಾಡುವಾಗ ಆಡಮ್ ಕೂಡ ಹೋದ. 19 ವರ್ಷ. ಅವನ ನೆನಪಿಗೆ ಪೆಟ್ಟಿ ಮನೆಯವರು ಕಾಯಿಲೆಯ ಮಕ್ಕಳಿಗಾಗಿ ವಿಕ್ಟರಿ ಜಂಕ್ಷನ್ ಅನ್ನುವ ಶಿಬಿರ ಕಟ್ಟಿದರು. 2004ರಲ್ಲಿ ಶುರುವಾಯಿತು. ಅದೂ ಹತ್ತಿರದಲ್ಲೇ ಇದೆ. ಅದು ನೋಡಿ ಬರುವ ಜಾಗ ಅಲ್ಲ, ಮಕ್ಕಳಿಗಾಗಿ ಇರುವುದು.

ಶಾರ್ಲೆಟ್‌ನ ಹಾಲ್ ಆಫ್ ಫೇಮ್ ನೋಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಅದೂ ಚೆನ್ನಾಗಿದೆ. ಅಲ್ಲಿ ಟ್ರ್ಯಾಕಿನ ಇಳಿಜಾರು 33 ಡಿಗ್ರಿವರೆಗೆ ಹೇಗೆ ಏರುತ್ತದೆ ಅಂತ ಕಾರು ನಿಲ್ಲಿಸಿಯೇ ತೋರಿಸಿದ್ದಾರೆ. ಮಕ್ಕಳಿಗೆ ಆಟ ಜಾಸ್ತಿ. ರೇಸು ಅಂದರೆ ಏನು ಅಂತ ತಿಳಿಯಲು ಶಾರ್ಲೆಟ್, ಅದು ಎಲ್ಲಿಂದ ಬಂತು ಅಂತ ತಿಳಿಯಲು ಲೆವೆಲ್ ಕ್ರಾಸ್. ಒಂದನ್ನೇ ಆರಿಸಬೇಕೆಂದರೆ ನಾನು ಲೆವೆಲ್ ಕ್ರಾಸ್ ಅನ್ನುತ್ತೇನೆ. ಪಕ್ಕದಲ್ಲೇ ಪೆಟ್ಟೀಸ್ ಗ್ಯಾರೇಜ್ ಇದೆ, ಇವತ್ತಿಗೂ ಕಾರುಗಳ ಕೆಲಸ ನಡೆಯುತ್ತದೆ.

ಚಿಕ್ಕ ಮಕ್ಕಳಿದ್ದರೆ ಅದೇ ದಿನ ಆಶ್‌ಬರೋದ ಮೃಗಾಲಯ ಸೇರಿಸಿಕೊಳ್ಳಬಹುದು, ಆದರೆ ಬೆಳಿಗ್ಗೆ ಬೇಗ ಹೊರಡಿ. ಮ್ಯೂಸಿಯಂಗೆ ಎರಡು ಗಂಟೆಯಾದರೂ ಇರಲಿ. ವಾರದ ಎಲ್ಲ ದಿನ ತೆರೆದಿರುತ್ತದೆ ಅಂದುಕೊಂಡು ಹೋಗಬೇಡಿ, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಊಟ ಕಟ್ಟಿಕೊಂಡು ಹೋದರೆ ಆರಾಮ. ನಾವು ಚಿತ್ರಾನ್ನ ಒಯ್ದಿದ್ದೆವು.